ಓದುಗರ ಪ್ರಶ್ನೆಗಳಿಗೆ ಉತ್ತರ: ನೀರಿನಲ್ಲಿ ಕರಗುವ ಫಾಸ್ಫೀನ್‌ಗಳು ಮತ್ತು ಅವು ಹಿಡಿಯುವ ಲೋಹಗಳು

ಕಳೆದ ಸಂಚಿಕೆಯಲ್ಲಿ ದುಬಾರಿ ಲೋಹಗಳ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ರೋಡಿಯಂ ಲೋಹವನ್ನು ನೀರಿನಲ್ಲಿ ಕರಗಿದ ಸ್ಥಿತಿಯಲ್ಲೇ ಹಿಡಿದಿಡಬಲ್ಲ, ಫಾಸ್ಫೀನ್‌ಗಳೆಂಬ ರಂಜಕದ ಸಂಯುಕ್ತಗಳಿವೆ, ಅವುಗಳಿಂದಾಗಿ ಕಾರ್ಖಾನೆಯಲ್ಲಿ ಆ ಲೋಹ ಪೋಲಾಗುವುದು ಬಹುಮಟ್ಟಿಗೆ ತಪ್ಪಿದೆ ಎಂದು ಬರೆದಿದ್ದೆ. ಆ ಮಾತನ್ನು ಬಿಡಿಸಿ ಹೇಳಬೇಕೆಂದು ಕಾಸರಗೋಡು ಜಿಲ್ಲೆಯ ಓದುಗರಿಂದ ಹಲವು ಪತ್ರಗಳು ಬಂದಿವೆ. ವಿದ್ಯಾರ್ಥಿಗಳಷ್ಟೇ ಅಲ್ಲ, ಕೃಷಿಕರೂ ಗೃಹಿಣಿಯರೂ ಬರೆದಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಟ್ರೈಫೀನೈಲ್ ಫಾಸ್ಫೀನ್ ಎಂಬ ಬಿಳಿ ಹರಳುಗಳ ಸೀಸೆಯಿದೆ. ಅದರ ಒಂದು ಚಿಟಿಕೆಯನ್ನು ನೀರಿಗೆ ಹಾಕಿ ಎಷ್ಟು ಕಲಕಿದರೂ ಕರಗಲಿಲ್ಲ. ಹಾಗಿರುವಾಗ ಫಾಸ್ಫೀನ್ ನೀರಿನಲ್ಲಿ ಕರಗುವುದು ಹೇಗೆ? — ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ನೀವು ಕಂಡದ್ದು ಸರಿ. ಆ ಅಣುವಿನ ನಡುವೆ ಒಂದು ರಂಜಕದ ಪರಮಾಣುವಿದೆ, ಅದಕ್ಕೆ ಮೂರು ಬೆಂಜೀನ್ ಉಂಗುರಗಳು ಅಂಟಿಕೊಂಡಿವೆ. ರಂಜಕದ ಹೊರಕವಚದಲ್ಲಿರುವ ಐದು ಎಲೆಕ್ಟ್ರಾನುಗಳಲ್ಲಿ ಮೂರು ಈ ಉಂಗುರಗಳೊಂದಿಗಿನ ಬಂಧಕ್ಕೆ ಹೋಗುತ್ತವೆ, ಎರಡು ಉಳಿಯುತ್ತವೆ. ಉಳಿದ ಆ ಒಂಟಿ ಜೋಡಿಯನ್ನು ಲೋಹದ ಪರಮಾಣುವಿನ ಖಾಲಿ ಜಾಗಕ್ಕೆ ಒಡ್ಡುವುದರಿಂದಲೇ ಫಾಸ್ಫೀನ್ ಲಿಗ್ಯಾಂಡ್, ಅಂದರೆ ಲೋಹಕ್ಕೆ ಅಂಟಿಕೊಂಡು ಅದನ್ನು ಹಿಡಿಯುವ ಅಣು, ಆಗುತ್ತದೆ. ಆದರೆ ಹೊರಗಿನಿಂದ ನೋಡಿದರೆ ಅಣುವಿನ ಮೈಯೆಲ್ಲ ಬೆಂಜೀನ್ ಉಂಗುರಗಳೇ. ನೀರಿನ ಅಣುಗಳು ಒಂದನ್ನೊಂದು ಹೈಡ್ರೋಜನ್ ಬಂಧಗಳಿಂದ ಹಿಡಿದುಕೊಂಡಿರುತ್ತವೆ. ಆ ಹಿಡಿತವನ್ನು ಬಿಡಿಸಿ ಇಂಥ ಉಂಗುರಗಳಿಗೆ ಜಾಗ ಮಾಡಿಕೊಟ್ಟರೆ ಅದಕ್ಕೆ ಬದಲಾಗಿ ನೀರಿಗೆ ಸಿಗುವುದು ಏನೂ ಇಲ್ಲ. ಆದ್ದರಿಂದ ಟ್ರೈಫೀನೈಲ್ ಫಾಸ್ಫೀನ್ ಟೊಲುಯೀನಿನಲ್ಲಿ ಸುಲಭವಾಗಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ.

ಇದಕ್ಕೆ ರಸಾಯನತಜ್ಞರು ಕಂಡುಕೊಂಡ ಉಪಾಯವೆಂದರೆ ರಂಜಕವನ್ನು ಮುಟ್ಟದೆ ಉಂಗುರಗಳ ಮೇಲೆ ನೀರಿಗೆ ಪ್ರಿಯವಾದ ಗುಂಪುಗಳನ್ನು ಕೂರಿಸುವುದು. ಅವುಗಳಲ್ಲಿ ಮುಖ್ಯವಾದದ್ದು ಋಣಾವೇಶವುಳ್ಳ ಸಲ್ಫೋನೇಟ್ ಗುಂಪು. ಒಂದೇ ಉಂಗುರದ ಮೇಲೆ ಒಂದು ಸಲ್ಫೋನೇಟ್ ಇರುವ ಫಾಸ್ಫೀನನ್ನು 1958ರಲ್ಲಿಯೇ ತಯಾರಿಸಲಾಗಿತ್ತು. ಅದರ ಹೆಸರನ್ನು ಟಿಪಿಪಿಎಂಎಸ್ ಎಂದು ಕಿರಿದುಗೊಳಿಸುತ್ತಾರೆ. ಮೂರು ಉಂಗುರಗಳ ಮೇಲೂ ಒಂದೊಂದು ಸಲ್ಫೋನೇಟ್ ಕೂತಾಗ ಸಿಗುವುದು ಟಿಪಿಪಿಟಿಎಸ್. ಇದರ ಸೋಡಿಯಂ ಲವಣ ಒಂದು ಲೀಟರ್ ನೀರಿನಲ್ಲಿ ಸುಮಾರು 1100 ಗ್ರಾಂ ಕರಗುತ್ತದೆ. ನೀರಿನ ತೂಕಕ್ಕಿಂತ ಹೆಚ್ಚು ತೂಕದ ಫಾಸ್ಫೀನ್ ಅದೇ ನೀರಿನಲ್ಲಿ ಸೇರಿಕೊಂಡಿರುತ್ತದೆ ಎಂಬುದನ್ನು ನಿಮ್ಮ ಚಿಟಿಕೆ ಹರಳುಗಳ ಪಕ್ಕದಲ್ಲಿಟ್ಟು ನೋಡಿ.

ಈ ತಯಾರಿಕೆಯಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ನಿಮ್ಮ ಪಠ್ಯದ ಬೆಂಜೀನ್ ಪಾಠಕ್ಕೆ ಜೋಡಿಸಿಕೊಳ್ಳಬಹುದು. ಟ್ರೈಫೀನೈಲ್ ಫಾಸ್ಫೀನನ್ನು ಓಲಿಯಂನಲ್ಲಿ, ಅಂದರೆ ಗಂಧಕದ ಟ್ರೈಆಕ್ಸೈಡನ್ನು ಹೀರಿಕೊಂಡಿರುವ ಸಲ್ಫ್ಯೂರಿಕ್ ಆಮ್ಲದಲ್ಲಿ, ತಂಪಾಗಿಟ್ಟು ಕರಗಿಸುತ್ತಾರೆ. ಅಷ್ಟು ತೀವ್ರವಾದ ಆಮ್ಲದಲ್ಲಿ ರಂಜಕದ ಒಂಟಿ ಜೋಡಿ ಮೊದಲು ಒಂದು ಪ್ರೋಟಾನನ್ನು ಹಿಡಿದುಕೊಂಡು ಧನಾವೇಶ ಪಡೆಯುತ್ತದೆ. ಧನಾವೇಶ ಪಡೆದ ರಂಜಕ ಉಂಗುರದ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆಯುವುದರಿಂದ, ಸಲ್ಫೋನೇಟ್ ಗುಂಪು ಅದರ ಪಕ್ಕದ ಆರ್ಥೋ ಸ್ಥಾನದಲ್ಲಾಗಲಿ ಎದುರಿನ ಪ್ಯಾರಾ ಸ್ಥಾನದಲ್ಲಾಗಲಿ ಕೂರದೆ ಅವೆರಡರ ನಡುವಿನ ಮೆಟಾ ಸ್ಥಾನದಲ್ಲಿ ಕೂರುತ್ತದೆ. ಪ್ರೋಟಾನು ಹಿಡಿದಿರುವಷ್ಟು ಹೊತ್ತು ಒಂಟಿ ಜೋಡಿಗೆ ಉತ್ಕರ್ಷಣದಿಂದಲೂ ಸ್ವಲ್ಪ ರಕ್ಷಣೆ ಸಿಗುತ್ತದೆ. ಕೊನೆಗೆ ಸೋಡಿಯಂ ಹೈಡ್ರಾಕ್ಸೈಡಿನಿಂದ ತಟಸ್ಥಗೊಳಿಸಿದಾಗ ಪ್ರೋಟಾನು ಬಿಟ್ಟುಹೋಗಿ ಒಂಟಿ ಜೋಡಿ ಮತ್ತೆ ಲೋಹಕ್ಕೆ ಲಭ್ಯವಾಗುತ್ತದೆ. ಲೋಹವನ್ನು ಹಿಡಿಯುವ ಕೆಲಸ ರಂಜಕದ್ದು, ನೀರಿನಲ್ಲಿ ನಿಲ್ಲುವ ಕೆಲಸ ಸಲ್ಫೋನೇಟಿನದು. ಎರಡೂ ಒಂದೇ ಅಣುವಿನಲ್ಲಿ ಒಂದಕ್ಕೊಂದು ಅಡ್ಡಬಾರದಂತೆ ದೂರದೂರ ಕೂತಿರುವುದೇ ಈ ರಚನೆಯ ಹೆಚ್ಚುಗಾರಿಕೆ.

ಸಲ್ಫೋನೇಟ್ ಒಂದೇ ದಾರಿಯಲ್ಲ. ಡೈಗಲ್ ಮತ್ತು ಅವರ ಸಹೋದ್ಯೋಗಿಗಳು 1974ರಲ್ಲಿ ವರದಿ ಮಾಡಿದ ಪಿಟಿಎ ಎಂಬ ಫಾಸ್ಫೀನಿನಲ್ಲಿ ಯಾವ ಆವೇಶವೂ ಇಲ್ಲ. ಹೆಕ್ಸಮೀನ್ ಎಂಬ ಪಂಜರದಂಥ ಅಣುವಿನ ನಾಲ್ಕು ಸಾರಜನಕಗಳಲ್ಲಿ ಒಂದರ ಜಾಗಕ್ಕೆ ರಂಜಕ ಬಂದರೆ ಅದೇ ಪಿಟಿಎ. ಉಳಿದ ಮೂರು ಸಾರಜನಕಗಳು ನೀರಿನೊಂದಿಗೆ ಹೈಡ್ರೋಜನ್ ಬಂಧ ಮಾಡಿಕೊಳ್ಳುವುದರಿಂದ ಅದು ಕರಗುತ್ತದೆ. ಆಕಾರದಲ್ಲಿಯೂ ಪಿಟಿಎಗೂ ಟಿಪಿಪಿಟಿಎಸ್‌ಗೂ ಅಜಗಜಾಂತರವಿದೆ. ಲಿಗ್ಯಾಂಡು ಲೋಹದ ಸುತ್ತ ಎಷ್ಟು ಜಾಗ ತಿನ್ನುತ್ತದೆ ಎಂಬುದನ್ನು ರಸಾಯನತಜ್ಞ ಟೋಲ್ಮನ್ ಅವರ ಶಂಕುಕೋನದಿಂದ ಅಳೆಯುತ್ತಾರೆ. ಟ್ರೈಫೀನೈಲ್ ಫಾಸ್ಫೀನಿಗೆ ಅದು 145 ಡಿಗ್ರಿ, ಪಿಟಿಎಗೆ ಸುಮಾರು 103 ಡಿಗ್ರಿ, ಟಿಪಿಪಿಟಿಎಸ್‌ಗೆ 145ಕ್ಕಿಂತ ಗಣನೀಯವಾಗಿ ಹೆಚ್ಚು. ಈ ಅಂತರದ ಪರಿಣಾಮ ಕೆಳಗಿನ ಉತ್ತರಗಳಲ್ಲಿ ಕಾಣುತ್ತದೆ.

ಪ್ರಶ್ನೆ: ನಾನು ಅಡಿಕೆ ಕೃಷಿಕ. ಪ್ರತಿ ಮಳೆಗಾಲಕ್ಕೆ ಕೊಳೆರೋಗಕ್ಕಾಗಿ ಮೈಲುತುತ್ತು ಕರಗಿಸಿ ಬೋರ್ಡೋ ದ್ರಾವಣ ಮಾಡುತ್ತೇನೆ. ಮೈಲುತುತ್ತಿನಲ್ಲಿರುವ ತಾಮ್ರ ತಾನಾಗಿಯೇ ನೀರಿನಲ್ಲಿ ಕರಗುವಾಗ, ಲೋಹವನ್ನು ಕರಗಿಸಲು ಬೇರೊಂದು ವಸ್ತು ಏಕೆ ಬೇಕು? — ಕೃಷಿಕರು, ಬದಿಯಡ್ಕ

ಉತ್ತರ: ಬಂದ ಪತ್ರಗಳಲ್ಲಿ ವಿಷಯದ ಬುಡಕ್ಕೇ ಕೈಹಾಕಿದ ಪ್ರಶ್ನೆ ಇದು. ಮೈಲುತುತ್ತು ಕರಗಿದಾಗ ತಾಮ್ರ ಒಂಟಿಯಾಗಿ ಇರುವುದಿಲ್ಲ. ನೀರಿನ ಅಣುಗಳೇ ತಮ್ಮ ಆಮ್ಲಜನಕದ ಒಂಟಿ ಜೋಡಿಯನ್ನು ಒಡ್ಡಿ ಅದರ ಸುತ್ತ ಕೂರುತ್ತವೆ, ನಾಲ್ಕು ಹತ್ತಿರದಲ್ಲಿ, ಇನ್ನೆರಡು ಸ್ವಲ್ಪ ದೂರದಲ್ಲಿ. ಎಂದರೆ ಅಲ್ಲಿ ನೀರೇ ಲಿಗ್ಯಾಂಡ್, ನೀವು ಕಾಣುವ ನೀಲಿ ಲೋಹವೂ ಲಿಗ್ಯಾಂಡುಗಳೂ ಕೂಡಿದ ಆ ಸಂಕೀರ್ಣದ ಬಣ್ಣ. ಹರಳನ್ನು ಕಾಯಿಸಿ ನೀರನ್ನು ಓಡಿಸಿದರೆ ಅದು ಬಿಳಿ ಪುಡಿಯಾಗುವುದೂ ಇದೇ ಕಾರಣಕ್ಕೆ.

ಲೋಹದ ಸುತ್ತ ಯಾರು ಕೂತಿದ್ದಾರೆ ಎಂಬುದು ಅದರ ನಡತೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ನೀವು ಪ್ರತಿ ವರ್ಷ ಪರೀಕ್ಷಿಸುತ್ತಲೇ ಇದ್ದೀರಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕದಲ್ಲಿ ಶೇಕಡಾ ಒಂದರ ದ್ರಾವಣ ಮಾಡಿದ ಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತೀರಲ್ಲವೇ? ಅಲಗಿನ ಮೇಲೆ ಕೆಂಪು ಲೇಪ ಕೂತರೆ, ನೀರಿನಿಂದ ಮಾತ್ರ ಸುತ್ತುವರಿದ ತಾಮ್ರ ಇನ್ನೂ ದ್ರಾವಣದಲ್ಲಿದೆ, ಅದು ಕಬ್ಬಿಣದಿಂದ ಎಲೆಕ್ಟ್ರಾನು ಪಡೆದು ಲೋಹವಾಗಿ ಕೂತಿದೆ ಎಂದರ್ಥ. ಆಗ ಇನ್ನಷ್ಟು ಸುಣ್ಣದ ತಿಳಿ ಸೇರಿಸುತ್ತೀರಿ. ಸುಣ್ಣದ ಹೈಡ್ರಾಕ್ಸೈಡು ನೀರಿನ ಜಾಗವನ್ನು ಹಿಡಿದ ಮೇಲೆ ತಾಮ್ರ ಕರಗದ ತಿಳಿನೀಲಿ ಲೋಳೆಯಾಗಿ ಗೊನೆಗೆ ಅಂಟಿಕೊಳ್ಳುತ್ತದೆ, ಕತ್ತಿಯ ಮೇಲೆ ಕೂರುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಲ್ಲ ಲೋಹಗಳೂ ಎಲ್ಲ ಸ್ಥಿತಿಗಳಲ್ಲೂ ನೀರಿನ ಆಮ್ಲಜನಕದಿಂದ ತೃಪ್ತವಾಗುವುದಿಲ್ಲ. ಅಹರ್ಲ್ಯಾಂಡ್, ಚಾಟ್ ಮತ್ತು ಡೇವಿಸ್ ಎಂಬ ವಿಜ್ಞಾನಿಗಳು 1958ರಲ್ಲಿ ಲೋಹದ ಅಯಾನುಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದರು. ಅಲ್ಯೂಮಿನಿಯಂ, ಕ್ಯಾಲ್ಸಿಯಂ ಮುಂತಾದವು ಆಮ್ಲಜನಕ, ಫ್ಲೋರಿನ್‌ಗಳನ್ನು ಬಯಸುವ ವರ್ಗಕ್ಕೆ ಸೇರುತ್ತವೆ. ಬೆಳ್ಳಿ, ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ, ಚಿನ್ನ ಮುಂತಾದವು ರಂಜಕ, ಗಂಧಕ, ಅಯೋಡಿನ್‌ಗಳನ್ನು ಬಯಸುವ ವರ್ಗಕ್ಕೆ ಸೇರುತ್ತವೆ. ಈ ಬಯಕೆಯನ್ನು ನೀರಿನಲ್ಲಿಯೇ ಅಳೆಯಲು ನೀರಿನಲ್ಲಿ ಕರಗುವ ಫಾಸ್ಫೀನ್ ಬೇಕಿತ್ತು, ಮೇಲೆ ಹೇಳಿದ ಟಿಪಿಪಿಎಂಎಸ್ ಆಗ ತಯಾರಾದದ್ದು ಅದೇ ಕೆಲಸಕ್ಕೆ. ಕಾರ್ಖಾನೆಯ ಕನಸು ಆಗ ಯಾರಿಗೂ ಇರಲಿಲ್ಲ. ಶುದ್ಧ ಕುತೂಹಲದ ಅಳತೆಯೊಂದು ಕಾಲು ಶತಮಾನದ ಬಳಿಕ ಕಾರ್ಖಾನೆಗೆ ದಾರಿಯಾದದ್ದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಕೆಲಸ ಮಾಡುವ ರೋಡಿಯಂ ಸಾಮಾನ್ಯವಾಗಿ ಒಂದೇ ಧನಾವೇಶದ ಸ್ಥಿತಿಯಲ್ಲಿರುತ್ತದೆ. ಅದನ್ನು ಆ ಸ್ಥಿತಿಯಲ್ಲಿ ಹಿಡಿದಿಡಲು ರಂಜಕದಂಥ ಲಿಗ್ಯಾಂಡೇ ಬೇಕು, ಇಲ್ಲವಾದರೆ ಲೋಹ ಕಪ್ಪಗೆ ಬೇರ್ಪಟ್ಟು ತಳಕ್ಕೆ ಕೂರುವ ಸಂಭವವಿದೆ. ನಿಮ್ಮ ಮೈಲುತುತ್ತಿನ ದ್ರಾವಣಕ್ಕೆ ಫಾಸ್ಫೀನ್ ಸೇರಿಸಿದರೂ ಅದು ಎರಡು ಧನಾವೇಶದ ತಾಮ್ರದ ಜೊತೆ ಸುಮ್ಮನೆ ಕೂರುವುದಿಲ್ಲ. ಸಾಮಾನ್ಯವಾಗಿ ತಾಮ್ರವನ್ನು ಒಂದು ಧನಾವೇಶದ ಸ್ಥಿತಿಗೆ ಇಳಿಸಿ, ಆ ಬಳಿಕ ಅದನ್ನು ಹಿಡಿದುಕೊಳ್ಳುತ್ತದೆ, ನೀಲಿ ಬಣ್ಣ ಮಾಯವಾಗುತ್ತದೆ.

ಪ್ರಶ್ನೆ: ಈ ಲಿಗ್ಯಾಂಡುಗಳು ಕಾರ್ಖಾನೆಯಲ್ಲಿ ನಿಜವಾಗಿ ಏನು ಮಾಡಿದವು? ಇಷ್ಟು ಒಳ್ಳೆಯ ವಿಧಾನವಾಗಿದ್ದರೆ ಎಲ್ಲ ಕಡೆಯೂ ಏಕೆ ಹರಡಲಿಲ್ಲ? — ಎಂ.ಎಸ್ಸಿ. ವಿದ್ಯಾರ್ಥಿ, ಪೆರಿಯ

ಉತ್ತರ: ಪ್ರೊಪೀನ್ ಎಂಬ ಮೂರು ಇಂಗಾಲದ ಅನಿಲಕ್ಕೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸೇರಿಸಿದರೆ ನಾಲ್ಕು ಇಂಗಾಲದ ಬ್ಯುಟೈರಾಲ್ಡಿಹೈಡ್ ಸಿಗುತ್ತದೆ. ಹೈಡ್ರೋಫಾರ್ಮೈಲೇಷನ್ ಎಂಬ ಈ ಕ್ರಿಯೆಯನ್ನು 1938ರಲ್ಲಿ ಜರ್ಮನಿಯ ಓಬರ್‌ಹೌಸನ್‌ನಲ್ಲಿದ್ದ ರೂರ್‌ಖೆಮಿ ಕಂಪನಿಯ ಆಟೊ ರೋಲೆನ್ ಕಂಡುಹಿಡಿದರು. ಮೊದಲು ಬಳಸಿದ್ದು ಕೋಬಾಲ್ಟ್ ವೇಗವರ್ಧಕವನ್ನು. ಅದಕ್ಕೆ 200ರಿಂದ 300 ಬಾರ್‌ಗಳಷ್ಟು (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡ) ಒತ್ತಡ ಬೇಕಾಗುತ್ತಿತ್ತು, ಅಲ್ಲದೆ ಬೇಕಾದ ನೇರ ಸರಪಳಿಯ ಆಲ್ಡಿಹೈಡಿನ ಜೊತೆಗೆ ಬೇಡದ ಕವಲು ಸರಪಳಿಯದೂ ಗಣನೀಯವಾಗಿ ಬರುತ್ತಿತ್ತು. ಮುಂದೆ ಬ್ರಿಟನ್ನಿನ ರಸಾಯನತಜ್ಞ ಜೆಫ್ರಿ ವಿಲ್ಕಿನ್ಸನ್ ಮತ್ತಿತರರ ಕೆಲಸದಿಂದ ರೋಡಿಯಂ ಮತ್ತು ಟ್ರೈಫೀನೈಲ್ ಫಾಸ್ಫೀನ್ ಕೂಡಿದ ವೇಗವರ್ಧಕ ಎಷ್ಟೋ ಕಡಿಮೆ ಒತ್ತಡದಲ್ಲಿ ಈ ಕೆಲಸವನ್ನು ಚೊಕ್ಕವಾಗಿ ಮಾಡುತ್ತದೆ ಎಂದು ತಿಳಿಯಿತು.

ತೊಡಕು ಎದುರಾದದ್ದು ಅಲ್ಲಿಂದ ಮುಂದೆ. ರೋಡಿಯಂ ಭೂಮಿಯ ಮೇಲಿನ ಅತಿ ವಿರಳ ಲೋಹಗಳಲ್ಲೊಂದು, ಬೆಲೆಯಲ್ಲಿ ಹಲವು ಸಲ ಚಿನ್ನವನ್ನು ಮೀರಿಸಿದೆ. ವೇಗವರ್ಧಕವೂ ಉತ್ಪನ್ನವೂ ಒಂದೇ ದ್ರವದಲ್ಲಿ ಕರಗಿರುವಾಗ ಅವನ್ನು ಬೇರ್ಪಡಿಸಲು ಉತ್ಪನ್ನವನ್ನು ಕಾಯಿಸಿ ಆವಿ ಮಾಡಬೇಕು. ಆ ಶಾಖಕ್ಕೆ ವೇಗವರ್ಧಕ ನಿಧಾನವಾಗಿ ಹಾಳಾಗುತ್ತದೆ. ಕುದಿಯಲು ಒಪ್ಪದ ಭಾರದ ಉಪಉತ್ಪನ್ನಗಳು ಅದರಲ್ಲೇ ಉಳಿದು ಕೂಡುತ್ತಾ ಹೋಗುತ್ತವೆ.

ಫ್ರಾನ್ಸಿನ ರೋನ್-ಪೂಲಾಂಕ್ ಕಂಪನಿಯ ಎಮಿಲ್ ಕುಂಟ್ಸ್ 1970ರ ದಶಕದ ಮಧ್ಯದಲ್ಲಿ ಬೇರೆಯೇ ದಿಕ್ಕಿನಿಂದ ಯೋಚಿಸಿದರು. ಉತ್ಪನ್ನವನ್ನು ವೇಗವರ್ಧಕದಿಂದ ಬೇರ್ಪಡಿಸುವ ಗೋಜೇ ಇರದಂತೆ, ವೇಗವರ್ಧಕವನ್ನು ಮೊದಲಿನಿಂದಲೇ ನೀರಿನಲ್ಲಿ ನೆಲೆಗೊಳಿಸಿದರೆ ಹೇಗೆ? ಟಿಪಿಪಿಟಿಎಸ್ ಹಿಡಿದ ರೋಡಿಯಂ ನೀರಿನಲ್ಲಿಯೇ ಇರುತ್ತದೆ, ಬ್ಯುಟೈರಾಲ್ಡಿಹೈಡ್ ನೀರಿನಲ್ಲಿ ಅಷ್ಟಾಗಿ ಕರಗದೆ ಮೇಲೆ ತೇಲುತ್ತದೆ. ರೂರ್‌ಖೆಮಿ ಮತ್ತು ರೋನ್-ಪೂಲಾಂಕ್ ಕೂಡಿ ಈ ವಿಚಾರವನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದವು. 1984ರಲ್ಲಿ, ಇದೇ ಕ್ರಿಯೆ ಮೊದಲು ಕಂಡುಬಂದ ಓಬರ್‌ಹೌಸನ್‌ನಲ್ಲಿಯೇ, ವರ್ಷಕ್ಕೆ 1,00,000 ಟನ್ ಸಾಮರ್ಥ್ಯದ ಘಟಕ ಆರಂಭವಾಯಿತು.

ಘಟಕದ ಒಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸುಮಾರು 120 ಡಿಗ್ರಿ ಸೆಲ್ಸಿಯಸ್, ಸುಮಾರು 50 ಬಾರ್ ಒತ್ತಡದಲ್ಲಿ, ಕಲಕುತ್ತಿರುವ ಟ್ಯಾಂಕಿನಲ್ಲಿ ವೇಗವರ್ಧಕದ ನೀರು ಇರುತ್ತದೆ. ಅದರಲ್ಲಿ ಪ್ರತಿ ರೋಡಿಯಂ ಪರಮಾಣುವಿನ ಮೇಲೆ ಒಂದು ಹೈಡ್ರೋಜನ್, ಒಂದು ಕಾರ್ಬನ್ ಮಾನಾಕ್ಸೈಡ್, ಮೂರು ಟಿಪಿಪಿಟಿಎಸ್ ಕೂತಿರುತ್ತವೆ; ಅವುಗಳಲ್ಲಿ ಒಂದು ಫಾಸ್ಫೀನ್ ಸರಿದು ಜಾಗ ಮಾಡಿಕೊಟ್ಟಾಗ ಪ್ರೊಪೀನ್ ಬಂದು ಲೋಹಕ್ಕೆ ಅಂಟುತ್ತದೆ. ಜಾಗ ಹೆಚ್ಚು ತಿನ್ನುವ ಈ ಫಾಸ್ಫೀನ್‌ಗಳ ನಡುವಿನ ಇಕ್ಕಟ್ಟಿನಲ್ಲಿ ಕವಲು ಸರಪಳಿಗಿಂತ ನೇರ ಸರಪಳಿಗೆ ಅನುಕೂಲ ಹೆಚ್ಚು, ಹಾಗಾಗಿ ಉತ್ಪನ್ನದ ನೂರರಲ್ಲಿ ಸುಮಾರು 95 ಪಾಲು ನೇರ ಸರಪಳಿಯದೇ ಇರುತ್ತದೆ. ಮಿಶ್ರಣ ಟ್ಯಾಂಕಿನಿಂದ ಹೊರಬಂದು ನಿಂತಲ್ಲಿ ಎರಡು ಪದರಗಳಾಗುತ್ತದೆ. ಕೆಳಗಿನ ನೀರು ರೋಡಿಯಂ ಸಮೇತ ಟ್ಯಾಂಕಿಗೆ ಹಿಂದಿರುಗುತ್ತದೆ, ಮೇಲಿನ ಆಲ್ಡಿಹೈಡ್ ಶುದ್ಧೀಕರಣಕ್ಕೆ ಹೋಗುತ್ತದೆ. ಉತ್ಪನ್ನದ ಜೊತೆ ಹೊರಹೋಗುವ ರೋಡಿಯಂನ ಪ್ರಮಾಣ ಶತಕೋಟಿಯಲ್ಲಿ ಕೆಲವು ಪಾಲುಗಳ ಮಟ್ಟದ್ದು. ಕ್ರಿಯೆಯಲ್ಲಿ ಹುಟ್ಟುವ ಶಾಖವೂ ವ್ಯರ್ಥವಾಗುವುದಿಲ್ಲ. ಅದರಿಂದಲೇ ಆಲ್ಡಿಹೈಡಿನ ನೇರ ಮತ್ತು ಕವಲು ರೂಪಗಳನ್ನು ಬಟ್ಟಿ ಇಳಿಸಿ ಬೇರ್ಪಡಿಸುತ್ತಾರೆ. ಹೀಗೆ ಸಿಕ್ಕ ಬ್ಯುಟೈರಾಲ್ಡಿಹೈಡಿನ ದೊಡ್ಡ ಪಾಲು 2-ಈಥೈಲ್ ಹೆಕ್ಸನಾಲ್ ಎಂಬ ಆಲ್ಕೊಹಾಲ್ ಆಗಿ, ಪಿವಿಸಿಯನ್ನು ಮೆದುಗೊಳಿಸುವ ವಸ್ತುಗಳಾಗಿ ಮಾರ್ಪಡುತ್ತದೆ. ನಮ್ಮ ತೋಟಗಳಲ್ಲಿ ಎಳೆದಾಡುವ ಮೆದು ಪಿವಿಸಿ ಹೋಸುಗಳಿಗೆ ಆ ಬಾಗುವ ಗುಣ ಬರುವುದು ಇಂಥ ಮೆದುಕಾರಕಗಳಿಂದ.

ಇನ್ನು ನಿಮ್ಮ ಪ್ರಶ್ನೆಯ ಎರಡನೆಯ ಭಾಗ. ವಿಧಾನದ ಬಲವೇ ಅದರ ಮಿತಿಯೂ ಹೌದು. ಪ್ರೊಪೀನ್, ಬ್ಯುಟೀನ್‌ಗಳು ನೀರಿನಲ್ಲಿ ಸ್ವಲ್ಪವಾದರೂ ಕರಗಿ ರೋಡಿಯಂನ ಬಳಿಗೆ ಬರುತ್ತವೆ. ಎಂಟು ಇಂಗಾಲದ ಆಕ್ಟೀನ್ ಲೀಟರಿಗೆ ಕೆಲವೇ ಮಿಲಿಗ್ರಾಂ ಮಾತ್ರ ಕರಗುವುದರಿಂದ ಅದು ಮೇಲಿನ ಪದರದಲ್ಲಿಯೇ ಉಳಿಯುತ್ತದೆ, ರೋಡಿಯಂ ಕೆಳಗೆ ಕಾಯುತ್ತಿರುತ್ತದೆ, ಕ್ರಿಯೆ ತೀರ ನಿಧಾನವಾಗುತ್ತದೆ. ಸಾಬೂನಿನಂಥ ವಸ್ತುಗಳನ್ನು ಸೇರಿಸಿ ನೋಡಿದ್ದಾರೆ, ಆದರೆ ಪದರಗಳು ನೊರೆಯಾಗಿ ಬೆರೆತುಹೋದರೆ ಬೇರ್ಪಡಿಸುವ ಅನುಕೂಲವೇ ಇಲ್ಲವಾಗುತ್ತದೆ. ಪಿಷ್ಟದಿಂದ ಸಿಗುವ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಉಂಗುರದಂಥ ಸಕ್ಕರೆ ಅಣುಗಳು ಉದ್ದ ಸರಪಳಿಯ ಆಲ್ಕೀನನ್ನು ಒಳಗೆ ಹುದುಗಿಸಿಕೊಂಡು ನೀರಿನ ಅಂಚಿಗೆ ತರುತ್ತವೆ. ನನ್ನ ದೃಷ್ಟಿಯಲ್ಲಿ ಈ ದಾರಿ ಹೆಚ್ಚು ಭರವಸೆಯದು. ಟಿಪಿಪಿಎಂಎಸ್ ಬಗೆಯ ಲಿಗ್ಯಾಂಡ್ ಮತ್ತು ಪಲ್ಲಾಡಿಯಂ ಬಳಸಿ ಬ್ಯುಟಾಡೈಯೀನ್ ಮತ್ತು ನೀರಿನಿಂದ ಆಕ್ಟನಾಲ್ ಮಾಡುವ ವಿಧಾನವನ್ನು ಜಪಾನಿನ ಕುರಾರೆ ಕಂಪನಿ ರೂಢಿಗೆ ತಂದಿತು. ಇವೆಲ್ಲ ಇದ್ದರೂ ನೀರು ಎಲ್ಲ ಕ್ರಿಯೆಗಳಿಗೂ ಒದಗುವ ಮಾಧ್ಯಮವೆಂದು ಪ್ರಚಾರ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕಚ್ಚಾವಸ್ತು ನೀರಿಗೆ ಸ್ವಲ್ಪ ಇಳಿಯಬೇಕು, ಉತ್ಪನ್ನ ನೀರಿನಿಂದ ಹೊರಬರಬೇಕು. ಈ ಎರಡೂ ಕೂಡಿಬಂದಲ್ಲಿ ಮಾತ್ರ ಇದು ಫಲ ಕೊಡುತ್ತದೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಮಂಗಳೂರಿನಲ್ಲಿ ಹೃದಯದ ಸ್ಕ್ಯಾನ್ ಮಾಡಿಸುವಾಗ ಟೆಟ್ರೋಫಾಸ್ಮಿನ್ ಎಂಬ ಚುಚ್ಚುಮದ್ದು ಕೊಟ್ಟರು. ಹೆಸರಿನಲ್ಲಿ ಫಾಸ್ ಎಂದಿರುವುದರಿಂದ ಕೇಳುತ್ತಿದ್ದೇನೆ, ಅದೂ ಇದೇ ಕುಟುಂಬದ್ದೇ? — ಗೃಹಿಣಿ, ಕುಂಬಳೆ

ಉತ್ತರ: ಹೌದು, ಅದು ಎರಡು ರಂಜಕದ ಪರಮಾಣುಗಳುಳ್ಳ ಫಾಸ್ಫೀನ್ ಲಿಗ್ಯಾಂಡ್. ಆಸ್ಪತ್ರೆಗೆ ಅದು ಒಣಪುಡಿಯ ರೂಪದಲ್ಲಿ ಸಣ್ಣ ಸೀಸೆಯಲ್ಲಿ ಬರುತ್ತದೆ, ಜೊತೆಗೆ ಸ್ವಲ್ಪ ಸ್ಟ್ಯಾನಸ್ ಕ್ಲೋರೈಡ್, ಅಂದರೆ ತವರದ ಲವಣವೂ ಇರುತ್ತದೆ. ಸ್ಕ್ಯಾನಿನ ದಿನ ಆ ಸೀಸೆಗೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಲೋಹ ಇರುವ ಉಪ್ಪುನೀರಿನ ದ್ರಾವಣವನ್ನು ಸೇರಿಸುತ್ತಾರೆ. ತವರ ಟೆಕ್ನೀಷಿಯಂ ಅನ್ನು ಕೆಳಗಿನ ಆವೇಶಕ್ಕೆ ಇಳಿಸುತ್ತದೆ. ಎರಡು ಆಮ್ಲಜನಕಗಳನ್ನು ಎದುರುಬದುರಾಗಿ ಹೊತ್ತ ಆ ಲೋಹವನ್ನು ಎರಡು ಟೆಟ್ರೋಫಾಸ್ಮಿನ್ ಅಣುಗಳು ನಾಲ್ಕು ರಂಜಕಗಳಿಂದ ಸುತ್ತುಗಟ್ಟಿ ಹಿಡಿಯುತ್ತವೆ. ಕಾಯಿಸುವ ಅಗತ್ಯವೂ ಇಲ್ಲ, ಕೋಣೆಯ ಉಷ್ಣತೆಯಲ್ಲಿ ಕಾಲು ಗಂಟೆಯಲ್ಲಿ ಮುಗಿಯುವ ಕೆಲಸ.

ಇಲ್ಲಿ ಸಲ್ಫೋನೇಟ್ ಗುಂಪುಗಳಿಲ್ಲ ಎಂಬುದನ್ನು ಗಮನಿಸಬೇಕು. ಮದ್ದು ರಕ್ತದಲ್ಲಿ ಕರಗಿ ಸಾಗಬೇಕು, ಆದರೆ ಹೃದಯದ ಸ್ನಾಯುವಿನ ಜೀವಕೋಶದ ಪೊರೆಯನ್ನೂ ದಾಟಬೇಕು. ಹೆಚ್ಚು ಋಣಾವೇಶವಿದ್ದರೆ ನೀರಿನಲ್ಲಿ ಚೆನ್ನಾಗಿ ಕರಗಿದರೂ ಪೊರೆ ದಾಟುವುದು ಕಷ್ಟ. ಆದ್ದರಿಂದ ರಂಜಕಗಳ ಮೇಲೆ ಈಥರ್ ಗುಂಪುಳ್ಳ ಚಿಕ್ಕ ಸರಪಳಿಗಳನ್ನು ಕೂರಿಸಿ, ನೀರಿಗೂ ಪೊರೆಗೂ ಸಮವಾಗಿ ಹೊಂದುವಂತೆ ಮಾಡಿದ್ದಾರೆ. ಇಡೀ ಸಂಕೀರ್ಣಕ್ಕೆ ಒಂದು ಧನಾವೇಶವಿರುವುದರಿಂದ, ಒಳಗೆ ಋಣ ವಿಭವವಿರುವ ಮೈಟೋಕಾಂಡ್ರಿಯಾಗಳು ಅದನ್ನು ಸೆಳೆದುಕೊಳ್ಳುತ್ತವೆ. ರಕ್ತ ಸರಿಯಾಗಿ ಹರಿಯುವ ಭಾಗದ ಸ್ನಾಯು ಮದ್ದನ್ನು ಹಿಡಿದು ಚಿತ್ರದಲ್ಲಿ ಬೆಳಗುತ್ತದೆ, ರಕ್ತ ಕಡಿಮೆ ಹರಿಯುವ ಭಾಗ ಮಂಕಾಗಿ ಕಾಣುತ್ತದೆ. ಟೆಕ್ನೀಷಿಯಂ-99ಎಂ ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುವುದರಿಂದ ಒಂದು ದಿನ ಕಳೆಯುವಷ್ಟರಲ್ಲಿ ಅದರ ಹದಿನಾರರಲ್ಲೊಂದು ಪಾಲು ಮಾತ್ರ ಉಳಿದಿರುತ್ತದೆ, ದೇಹ ಹೊರಹಾಕುವುದನ್ನೂ ಲೆಕ್ಕಕ್ಕೆ ಹಿಡಿದರೆ ಅದಕ್ಕಿಂತಲೂ ಕಡಿಮೆ. ಅತ್ತೆಯವರ ಬಗ್ಗೆ ಆ ಕಾರಣಕ್ಕಾಗಿ ಆತಂಕಪಡಬೇಕಾಗಿಲ್ಲ.

ಈ ಕ್ಷೇತ್ರದಲ್ಲಿ ಕನ್ನಡನಾಡಿನವರ ಕೊಡುಗೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಕಟ್ಟೇಶ ಕಟ್ಟಿ ಅವರು, ಹೈಡ್ರಾಕ್ಸಿಮೀಥೈಲ್ ಗುಂಪುಗಳಿಂದಾಗಿ ನೀರಿನಲ್ಲಿ ಕರಗುವ ಫಾಸ್ಫೀನ್‌ಗಳ ಮೇಲೆಯೂ ಅವುಗಳಿಗೆ ಸಂಬಂಧಿಸಿದ ಚಿನ್ನದ ಅತಿಸೂಕ್ಷ್ಮ ಕಣಗಳ ಮೇಲೆಯೂ ಹಲವು ಸಂಶೋಧನೆಗಳನ್ನು ಪ್ರಕಟಿಸಿದ್ದಾರೆ. ಮೇಲೆ ಹೇಳಿದ ಪುಟ್ಟ ಪಿಟಿಎಯನ್ನು ರುಥೀನಿಯಂ ಲೋಹಕ್ಕೆ ಜೋಡಿಸಿದ ರಾಪ್ಟಾ ಎಂಬ ಸಂಕೀರ್ಣಗಳನ್ನು ಪಾಲ್ ಡೈಸನ್ ಅವರ ತಂಡ ಕ್ಯಾನ್ಸರ್ ವಿರುದ್ಧ ಪರೀಕ್ಷಿಸುತ್ತಾ ಬಂದಿದೆ. ಆದರೆ ಪ್ರಯೋಗಾಲಯದ ಪರೀಕ್ಷೆಯೇ ಬೇರೆ, ಔಷಧವಾಗಿ ಮಂಜೂರಾಗುವುದೇ ಬೇರೆ. ಇಂಥ ಸುದ್ದಿಯನ್ನು ಮೊಬೈಲಿನಲ್ಲಿ ಕಂಡು ರೋಗಿಗಳ ಮನೆಯವರು ಆಸೆ ಕಟ್ಟಿಕೊಳ್ಳದಿರಲಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಧಾನ್ಯದ ಗೋದಾಮಿನಲ್ಲಿಡುವ ಮಾತ್ರೆಗಳಿಂದ ಬರುವ ವಿಷಾನಿಲವೂ ಫಾಸ್ಫೀನ್ ಎಂದು ಓದಿದ್ದೇನೆ. ರಾಸಾಯನಿಕಗಳಿಂದ ನೊಂದ ಊರು ನಮ್ಮದು. ನೀರಿನಲ್ಲಿ ಕರಗುವ ಫಾಸ್ಫೀನ್, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ನೀರಿಗೆ ಸೇರಿದರೆ ಗತಿಯೇನು? — ನಿವೃತ್ತ ಅಧ್ಯಾಪಕರು, ಎಣ್ಮಕಜೆ

ಉತ್ತರ: ಈ ಪ್ರಶ್ನೆಯನ್ನು ನಿಮ್ಮ ಊರಿನವರು ಕೇಳುವುದಕ್ಕೆ ಪೂರ್ತಿ ಹಕ್ಕಿದೆ, ಹಾಗಾಗಿ ವಿವರವಾಗಿ ಉತ್ತರಿಸುತ್ತೇನೆ. ಗೋದಾಮಿನ ಮಾತ್ರೆಗಳಲ್ಲಿರುವುದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗಲಿದಾಗ ಅದರಿಂದ ರಂಜಕಕ್ಕೆ ಮೂರು ಹೈಡ್ರೋಜನ್ ಅಂಟಿರುವ ಅನಿಲ ಹೊರಬರುತ್ತದೆ. ಅದು ಉಸಿರಿನೊಂದಿಗೆ ಒಳಹೋದರೆ ಪ್ರಾಣಾಪಾಯ ತರುವ ವಿಷ. ಲಿಗ್ಯಾಂಡುಗಳಲ್ಲಿ ಆ ಮೂರು ಹೈಡ್ರೋಜನ್‌ಗಳ ಜಾಗದಲ್ಲಿ ಇಂಗಾಲದ ಗುಂಪುಗಳಿರುತ್ತವೆ. ಹೆಸರಿನ ನಂಟಿದ್ದರೂ ಗುಣದಲ್ಲಿ ಅವು ಬೇರೆ. ಟಿಪಿಪಿಟಿಎಸ್ ಒಂದು ಲವಣ, ಉಪ್ಪಿನಂತೆ ಅದು ಆವಿಯಾಗುವುದಿಲ್ಲ, ಆದ್ದರಿಂದ ಉಸಿರಾಡುವ ಗಾಳಿಯಲ್ಲಿ ಸೇರುವ ಅಪಾಯ ಇಲ್ಲವೆಂದೇ ಹೇಳಬೇಕು. ಹಾಗೆಂದು ಈ ಕುಟುಂಬದ ಎಲ್ಲವೂ ಸಾಧು ಸ್ವಭಾವದವೆಂದು ಹೇಳಲಾರೆ. ಟ್ರೈಮೀಥೈಲ್ ಫಾಸ್ಫೀನಿನಂಥ ಚಿಕ್ಕವು ಗಾಳಿ ತಗಲಿದರೆ ಹೊತ್ತಿಕೊಳ್ಳುತ್ತವೆ, ದುರ್ವಾಸನೆ ಬೀರುತ್ತವೆ. ಹೈಡ್ರಾಕ್ಸಿಮೀಥೈಲ್ ಗುಂಪುಗಳುಳ್ಳ ರಂಜಕದ ಲವಣಗಳಲ್ಲಿ ಒಂದನ್ನು ಹತ್ತಿ ಬಟ್ಟೆಗೆ ಬೆಂಕಿ ಹತ್ತದಂತೆ ಮಾಡಲು ಬಳಸುತ್ತಾರೆ, ಇನ್ನೊಂದನ್ನು ತೈಲಬಾವಿಗಳ ನೀರಿನಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಬಳಸುತ್ತಾರೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವ ವಸ್ತು ಹೊಳೆಯನ್ನು ಸೇರುವುದು ಒಳ್ಳೆಯದಲ್ಲ.

ನಿಮ್ಮ ಊರಿನ ಸಂಕಟಕ್ಕೆ ಕಾರಣವಾದ ಎಂಡೋಸಲ್ಫಾನ್ ಕೀಟನಾಶಕದಲ್ಲಿ ರಂಜಕವೇ ಇಲ್ಲ, ಅದು ಕ್ಲೋರಿನ್ ಮತ್ತು ಗಂಧಕಗಳುಳ್ಳ ಸಂಯುಕ್ತ. ಗೇರು ತೋಟಗಳ ಮೇಲೆ ಅದನ್ನು 2000ದವರೆಗೂ ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿಕೆ ಮತ್ತು ಬಳಕೆಯನ್ನು ತಡೆಯಿತು. ಎಂಡೋಸಲ್ಫಾನ್ ನೀರಿನಲ್ಲಿ ಬಹುತೇಕ ಕರಗುವುದಿಲ್ಲ. ಮಣ್ಣಿಗೂ ಜೀವಿಗಳ ಕೊಬ್ಬಿಗೂ ಅಂಟಿಕೊಂಡು ಉಳಿಯುವುದೇ ಅದರ ಕೇಡು. ನೀರಿನಲ್ಲಿ ಚೆನ್ನಾಗಿ ಕರಗುವ ವಸ್ತುವಿನ ಕೇಡು ಇನ್ನೊಂದು ಬಗೆಯದು: ಅದು ಕೊಬ್ಬಿನಲ್ಲಿ ಸುಲಭವಾಗಿ ಕೂಡುವುದಿಲ್ಲ, ಆದರೆ ಮಳೆಯ ಜೊತೆ ಮುರಕಲ್ಲಿನ ಸಂದುಗಳಲ್ಲಿ ಇಳಿದು ಸುರಂಗದ ಬಾಯಿಗೆ ಬೇಗ ಬರಬಲ್ಲದು. ಸುರಂಗದ ನೀರನ್ನು ಸೋಸದೆ ನೇರವಾಗಿ ಬಳಸುವ ಮನೆಗಳು ನಿಮ್ಮಲ್ಲಿ ಎಷ್ಟೋ ಇವೆ. ಆದ್ದರಿಂದ ನೀರನ್ನು ದ್ರಾವಕವಾಗಿ ಬಳಸುವ ವಿಧಾನವನ್ನು ಪರಿಸರಸ್ನೇಹಿ ಎಂದು ಕರೆದ ಮಾತ್ರಕ್ಕೆ ಅದನ್ನು ನಂಬಬೇಡಿ. ಓಬರ್‌ಹೌಸನ್‌ನ ವಿಧಾನವನ್ನು ನಾನು ಮೆಚ್ಚುವುದು ನೀರಿನ ಬಳಕೆಗಾಗಿ ಅಲ್ಲ, ಆ ನೀರು ಹೊರಗೆ ಹರಿಯದೆ ಮತ್ತೆ ಮತ್ತೆ ಅದೇ ಟ್ಯಾಂಕಿಗೆ ಹಿಂದಿರುಗುತ್ತದೆ ಎಂಬುದಕ್ಕಾಗಿ. ಯಾವುದೇ ಘಟಕದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಅದು ಯಾವ ದ್ರಾವಕ ಬಳಸುತ್ತದೆ ಎಂಬುದಲ್ಲ, ಬಳಸಿದ ದ್ರಾವಕ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು.

ಪ್ರಶ್ನೆ: ಟಿಪಿಪಿಟಿಎಸ್ ಅನ್ನು ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ತಯಾರಿಸಿ ವಿದ್ಯಾರ್ಥಿಗಳಿಗೆ ತೋರಿಸಬಹುದೇ? — ಉಪನ್ಯಾಸಕರು, ಮುಳ್ಳೇರಿಯ

ಉತ್ತರ: ದಯವಿಟ್ಟು ಆ ಸಾಹಸ ಬೇಡ. ಓಲಿಯಂ ಹೊಗೆಯಾಡುವ, ಮೈ ಸುಡುವ ದ್ರವ. ನೀರು ತಗಲಿದರೆ ಸಿಡಿಯುತ್ತದೆ. ಅದನ್ನು ಸಂಭಾಳಿಸುವ ಸೌಕರ್ಯ ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ತಯಾರಿಸಿದರೂ ಶುದ್ಧ ವಸ್ತು ಸಿಗುವುದು ದುರ್ಲಭ. ತಟಸ್ಥಗೊಳಿಸುವಾಗ ಹುಟ್ಟುವ ಸೋಡಿಯಂ ಸಲ್ಫೇಟಿನ ರಾಶಿಯನ್ನು ಬೇರ್ಪಡಿಸಬೇಕು, ಅಷ್ಟರಲ್ಲಿ ಗಾಳಿ ತಗಲಿದರೆ ರಂಜಕ ಆಮ್ಲಜನಕವನ್ನು ಹಿಡಿದು ಫಾಸ್ಫೀನ್ ಆಕ್ಸೈಡ್ ಆಗುತ್ತದೆ. ಆಕ್ಸೈಡೂ ಬಿಳಿ, ಅದೂ ನೀರಿನಲ್ಲಿ ಕರಗುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಒಂಟಿ ಜೋಡಿ ಆಮ್ಲಜನಕದ ಪಾಲಾದ ಮೇಲೆ ಫಾಸ್ಫೀನ್‌ನಂತೆ ಲೋಹವನ್ನು ಹಿಡಿಯಲು ಅದಕ್ಕೆ ಸಾಧ್ಯವಿಲ್ಲ. ವ್ಯತ್ಯಾಸವನ್ನು ತೋರಿಸಿಕೊಡುವುದು ರಂಜಕದ ಎನ್‌ಎಂಆರ್, ಅಂದರೆ ಕಾಂತಕ್ಷೇತ್ರದಲ್ಲಿಟ್ಟು ಪರಮಾಣುಗಳ ಸುತ್ತಲಿನ ಪರಿಸರವನ್ನು ಗುರುತಿಸುವ ಉಪಕರಣ. ಅದರಲ್ಲಿ ಫಾಸ್ಫೀನಿನ ರೇಖೆ ಸುಮಾರು −5 ಪಿಪಿಎಂ ಬಳಿ, ಆಕ್ಸೈಡಿನದು ಸುಮಾರು +35 ಪಿಪಿಎಂ ಬಳಿ ಕಾಣುತ್ತದೆ. ಸಂಶೋಧನೆಗೆ ಹೋಗುವ ನಿಮ್ಮ ವಿದ್ಯಾರ್ಥಿಗಳಿಗೆ ಇದೊಂದನ್ನು ಒತ್ತಿ ಹೇಳಿ: ದ್ರಾವಣ ಮಾಡುವ ಮೊದಲು ನೀರಿನೊಳಗೆ ನೈಟ್ರೋಜನ್ ಅಥವಾ ಆರ್ಗಾನ್ ಹಾಯಿಸಿ, ಅದರಲ್ಲಿ ಕರಗಿರುವ ಆಮ್ಲಜನಕವನ್ನು ಓಡಿಸಲೇಬೇಕು. ಪಿಟಿಎ ಗಾಳಿಯನ್ನು ಹೆಚ್ಚು ತಾಳಿಕೊಳ್ಳುವುದರಿಂದ ಹೊಸಬರು ಕೈ ಪಳಗಿಸಿಕೊಳ್ಳಲು ಅದೇ ವಾಸಿ.

ಪದವಿ ತರಗತಿಗೆ ನಾನು ಸೂಚಿಸುವ ಪ್ರಯೋಗ ಇದು. ಗಾಜಿನ ಮುಚ್ಚಳವಿರುವ ಪ್ರನಾಳದಲ್ಲಿ ಅಯೋಡಿನ್ನಿನ ಪುಟ್ಟ ಹರಳನ್ನು ಹೆಕ್ಸೇನಿನಲ್ಲಿ ಕರಗಿಸಿ. ನೇರಳೆ ಬಣ್ಣ ಬರುತ್ತದೆ. ಅಷ್ಟೇ ನೀರು ಸೇರಿಸಿ ಕುಲುಕಿದರೆ ನೇರಳೆ ಮೇಲಿನ ಪದರದಲ್ಲೇ ಉಳಿಯುತ್ತದೆ, ಕೆಳಗಿನ ನೀರಿಗೆ ತುಸು ಹಳದಿ ಮಾತ್ರ ಇಳಿಯುತ್ತದೆ. ಈಗ ಪೊಟ್ಯಾಸಿಯಂ ಅಯೋಡೈಡಿನ ದ್ರಾವಣ ಹಾಕಿ ಮತ್ತೆ ಕುಲುಕಿ. ಅಯೋಡಿನ್ ಅಯೋಡೈಡಿನೊಂದಿಗೆ ಕೂಡಿ ಋಣಾವೇಶದ ಟ್ರೈಅಯೋಡೈಡ್ ಆಗಿ ನೀರಿಗೆ ಇಳಿಯುತ್ತದೆ, ಕೆಳಗಿನ ಪದರ ಕಂದಾಗಿ ಮೇಲಿನ ನೇರಳೆ ತೆಳುವಾಗುತ್ತಾ ಹೋಗುತ್ತದೆ. ವಸ್ತು ಯಾವ ಪದರದಲ್ಲಿರಬೇಕೆಂದು ಅದಕ್ಕೆ ಅಂಟಿಕೊಂಡ ಆವೇಶ ತೀರ್ಮಾನಿಸುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ನೋಡಿದ ಮೇಲೆ ಸಲ್ಫೋನೇಟ್ ಗುಂಪಿನ ಪಾಠ ಮಾಡಿದರೆ ಬೇಗ ಮನಸ್ಸಿಗೆ ಹತ್ತುತ್ತದೆ. ಹೆಕ್ಸೇನ್ ಥಟ್ಟನೆ ಹೊತ್ತಿಕೊಳ್ಳುವುದರಿಂದ ಬರ್ನರ್ ಉರಿಯುವ ಮೇಜಿನಿಂದ ದೂರದಲ್ಲಿ ಮಾಡಿಸಿ, ಕೈಗವಸು ಹಾಕಿಸಿ. ಮುಗಿದ ಮೇಲೆ ಹೈಪೋ (ಸೋಡಿಯಂ ಥಯೋಸಲ್ಫೇಟ್) ದ್ರಾವಣ ಸೇರಿಸಿ ಬಣ್ಣ ಪೂರ್ತಿ ಹೋಗುವವರೆಗೆ ಕುಲುಕಿ, ಕೆಳಗಿನ ನೀರನ್ನು ಚೆಲ್ಲಬಹುದು; ಮೇಲಿನ ಹೆಕ್ಸೇನನ್ನು ಸಿಂಕಿಗೆ ಬಿಡದೆ ಬೇರೆ ಸೀಸೆಯಲ್ಲಿ ಕೂಡಿಡಬೇಕು.